ಪ್ರಸ್ತಾವನೆಗಳ ಸಂಖ್ಯೆ ಏರಿತು, ಗುಣಮಟ್ಟ ಇಳಿಯಿತು

ಪ್ರಶ್ನೆ: ಸೇವಾ ಕ್ಷೇತ್ರದ ಕಂಪನಿಯೊಂದರಲ್ಲಿ, ಗ್ರಾಹಕರಿಂದ ಕೆಲಸ ಪಡೆಯಲು ಪ್ರಸ್ತಾವನೆ ಬರೆಯುವ ಪ್ರಪೋಸಲ್ ವಿಭಾಗದ ಹೊಣೆ ನನ್ನದು. ತಂಡದ ಎಂಟು ಮಂದಿಯಲ್ಲಿ ಐವರು ಹೊಸಬರು. ತಿಂಗಳಿಗೆ ಹತ್ತು ಪ್ರಸ್ತಾವನೆಗಳು ಹೋಗುತ್ತಿದ್ದ ಕಡೆ ಈಗ ಮೂವತ್ತು ಹೋಗುತ್ತಿವೆ, ಆದರೆ ಗೆಲ್ಲುವುದು ಮೊದಲಿಗಿಂತ ಕಡಿಮೆಯಾಗಿದೆ. ಈಚೆಗೆ ಒಂದರಲ್ಲಿ ಹಿಂದಿನ ಗ್ರಾಹಕರ ಹೆಸರೇ ಉಳಿದುಹೋಗಿ ಮುಜುಗರವಾಯಿತು. ಭಾಷಾ ತರಬೇತುದಾರರನ್ನು ಕರೆಸೋಣ ಎಂದು ಆಡಳಿತದವರು ಹೇಳುತ್ತಿದ್ದಾರೆ. ತರಬೇತಿಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ಓದುವುದರಿಂದ ಆರಂಭಿಸಿ. ಭಾಷಾ ತರಬೇತಿ ಬೇಡವೆಂದಲ್ಲ, ಆದರೆ ಅದರ ಸರದಿ ಆಮೇಲೆ. ಸೋತ ಪ್ರಸ್ತಾವನೆಗಳನ್ನು ತೆಗೆದು ನೋಡಿದರೆ ವ್ಯಾಕರಣ ಕೆಟ್ಟಿದ್ದರಿಂದ ಬಿದ್ದುಹೋದವು ಅಪರೂಪ. ಗ್ರಾಹಕರು ಕೇಳಿದ್ದನ್ನು ಬಿಟ್ಟು ತಮಗೆ ಗೊತ್ತಿದ್ದನ್ನು ಬರೆದು ಕಳಿಸಿದವೇ ಹೆಚ್ಚು.

ಆರ್‌ಎಫ್‌ಪಿಯಲ್ಲಿ, ಅಂದರೆ ಪ್ರಸ್ತಾವನೆ ಕೇಳಿ ಗ್ರಾಹಕರು ಹೊರಡಿಸುವ ದಾಖಲೆಯಲ್ಲಿ, ಇಂಥದೊಂದು ವಾಕ್ಯ ಇದೆ ಎಂದಿಟ್ಟುಕೊಳ್ಳಿ: 'ಸೇವಾದಾರರು ಸಿಬ್ಬಂದಿಗೆ ತರಬೇತಿ ನೀಡಿ, ಅದರ ವರದಿಯನ್ನು ಏಳು ದಿನಗಳೊಳಗೆ ಸಲ್ಲಿಸಿ, ಸಹಿ ಮಾಡಿದ ಹಾಜರಿ ಪಟ್ಟಿಯನ್ನು ಲಗತ್ತಿಸತಕ್ಕದ್ದು.' ಹೊಸಬರು ಇದನ್ನು ಕಂಪ್ಲಯನ್ಸ್ ಮ್ಯಾಟ್ರಿಕ್ಸ್‌ನಲ್ಲಿ (ಗ್ರಾಹಕರ ಬೇಡಿಕೆಗಳನ್ನು ಸಾಲುಸಾಲಾಗಿ ಬರೆದ ಪಟ್ಟಿಯಲ್ಲಿ) 'ತರಬೇತಿ' ಎಂಬ ಒಂದೇ ಸಾಲಾಗಿ ಬರೆದುಕೊಳ್ಳುತ್ತಾರೆ ಮತ್ತು ತರಬೇತಿಯ ಬಗ್ಗೆ ಎರಡು ಪುಟ ಬರೆಯುತ್ತಾರೆ. ಅನುಭವಿಗಳು ಅದನ್ನು ಮೂರು ಸಾಲು ಮಾಡುತ್ತಾರೆ. ಪ್ರತಿ ಸಾಲಿನ ಎದುರು ಉತ್ತರ ಯಾವ ಪುಟದಲ್ಲಿದೆ, ಬರೆಯುವವರು ಯಾರು ಎಂಬುದನ್ನೂ ನಮೂದಿಸುತ್ತಾರೆ. ಗ್ರಾಹಕರ ಕಡೆಯಿಂದ ಅಂಕ ಹಾಕುವವರ ಕೈಯಲ್ಲಿಯೂ ಇಂಥದೇ ಪಟ್ಟಿ ಇರುತ್ತದೆ. ಏಳು ದಿನದ ಮಾತು ಕಾಣದಿದ್ದರೆ ಆ ಅಂಕ ಹೋಯಿತು, ಉಳಿದ ಎರಡು ಪುಟ ಎಷ್ಟೇ ಸೊಗಸಾಗಿದ್ದರೂ ಅದು ಮರಳುವುದಿಲ್ಲ. ಆದ್ದರಿಂದ ಹೊಸಬರಿಗೆ ಮೊದಲ ಕೆಲವು ವಾರ ಒಂದು ಪ್ಯಾರಾವನ್ನೂ ಬರೆಯಲು ಕೊಡಬೇಡಿ. ಹಳೆಯ ಆರ್‌ಎಫ್‌ಪಿಗಳನ್ನು ಕೊಟ್ಟು, ಒಂದೇ ದಾಖಲೆಗೆ ಇಬ್ಬರಿಂದ ಪ್ರತ್ಯೇಕವಾಗಿ ಮ್ಯಾಟ್ರಿಕ್ಸ್ ಮಾಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಎಲ್ಲಿ ವ್ಯತ್ಯಾಸ ಬಂತು ಎಂದು ಅವರೇ ಚರ್ಚಿಸುವಂತೆ ಮಾಡಿ. ಈ ಅಭ್ಯಾಸ ಕಲಿಸುವಷ್ಟನ್ನು ಯಾವ ಉಪನ್ಯಾಸವೂ ಕಲಿಸಲಾರದು.

ಎರಡನೆಯದಾಗಿ, ಯಾವ ಭಾಗ ಸಿದ್ಧವಾಗಿರಬೇಕು, ಯಾವುದನ್ನು ಪ್ರತಿ ಬಾರಿಯೂ ಹೊಸದಾಗಿಯೇ ಬರೆಯಬೇಕು ಎಂಬ ವಿವೇಚನೆಯನ್ನು ಕಲಿಸಬೇಕು. ಕಂಪನಿಯ ಪರಿಚಯ, ಪ್ರಮಾಣಪತ್ರಗಳು, ಸಿಬ್ಬಂದಿಯ ವಿವರ, ಗುಣಮಟ್ಟ ನಿಯಂತ್ರಣದ ವಿಧಾನ, ಮುಗಿಸಿದ ಕೆಲಸಗಳ ಟಿಪ್ಪಣಿ ಇವೆಲ್ಲ ಒಂದೇ ಕಡೆ ಸಿದ್ಧವಾಗಿರಲಿ. ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರ ಮತ್ತು ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಇರಲಿ. ಗ್ರಾಹಕರ ಹೆಸರು ಬರುವಲ್ಲಿ ನಿಜವಾದ ಯಾವ ಹೆಸರೂ ಇರಕೂಡದು, ಗುರುತು ಹಾಕಿದ ಖಾಲಿ ಜಾಗ ಮಾತ್ರ ಇರಬೇಕು. ನಿಮಗಾದ ಮುಜುಗರಕ್ಕೆ ಬರೆದವರ ಅಜಾಗ್ರತೆಗಿಂತ, ಕಳೆದ ಸಲದ ಕಡತವನ್ನೇ ತೆರೆದು 'ಸೇವ್ ಆ್ಯಸ್' ಮಾಡುವ ರೂಢಿ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಹೆಸರನ್ನು ಫೈಂಡ್-ರಿಪ್ಲೇಸ್ ಮಾಡಿ ಬದಲಿಸಿದರೂ ಅದರ ಸಂಕ್ಷಿಪ್ತ ರೂಪ, ಪುಟದ ಅಡಿಬರಹ, ಚಿತ್ರದೊಳಗಿನ ಅಕ್ಷರ ಹಾಗೆಯೇ ಉಳಿಯುತ್ತವೆ. ಹಳೆಯ ಪ್ರಸ್ತಾವನೆಯಿಂದ ಹೊಸದನ್ನು ಆರಂಭಿಸುವುದನ್ನೇ ನಿಷೇಧಿಸಿ.

ಸಮಸ್ಯೆಯ ಗ್ರಹಿಕೆ, ಪರಿಹಾರದ ವಿಧಾನ, ಕಾರ್ಯಯೋಜನೆ ಮತ್ತು ಆರಂಭದ ಸಾರಾಂಶ ಮಾತ್ರ ಪ್ರತಿ ಬಾರಿಯೂ ಹೊಸದಾಗಿ ಹುಟ್ಟಬೇಕು. 'ಅಪಾರ ಅನುಭವ ಹೊಂದಿರುವ ನಮ್ಮ ಸಂಸ್ಥೆಗೆ ಗ್ರಾಹಕರ ತೃಪ್ತಿಯೇ ಧ್ಯೇಯ' ಎಂಬ ವಾಕ್ಯದಲ್ಲಿ ತಪ್ಪೇನೂ ಇಲ್ಲ, ಆದರೆ ನಿಮ್ಮ ಪ್ರತಿಸ್ಪರ್ಧಿಯೂ ಅದನ್ನೇ ಬರೆದಿರುತ್ತಾರೆ. ಅದರ ಬದಲು 'ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವಾಗ ಕೌಂಟರುಗಳು ಮುಚ್ಚಬಾರದು ಎಂದು ನೀವು ಕೇಳಿದ್ದೀರಿ. ಆದ್ದರಿಂದ ಈ ಕೆಲಸವನ್ನು ಒಂದೊಂದೇ ಶಾಖೆಯಂತೆ, ಕಚೇರಿಯ ಅವಧಿ ಮುಗಿದ ಮೇಲೆ ನಡೆಸುತ್ತೇವೆ' ಎಂದು ಬರೆದರೆ, ಇವರು ನಮ್ಮ ಕಾಗದ ಓದಿದ್ದಾರೆ ಎಂದು ಆ ಕಡೆಯವರಿಗೆ ತಿಳಿಯುತ್ತದೆ. ತಂಡದವರಿಗೆ ಒಂದು ಪರೀಕ್ಷೆ ಕೊಡಿ: ಸಾರಾಂಶದಿಂದ ಗ್ರಾಹಕರ ಹೆಸರು ತೆಗೆದುಹಾಕಿದ ಮೇಲೆ ಅದು ಬೇರೆ ಯಾರಿಗಾದರೂ ಹೊಂದುವಂತಿದ್ದರೆ, ಮತ್ತೆ ಬರೆಯಬೇಕು.

ಈ ಭಾಗವನ್ನು ನೇರವಾಗಿ ಡ್ರಾಫ್ಟ್ ಮಾಡಿಸುವುದಕ್ಕಿಂತ ಮೊದಲು ನಕ್ಷೆ ಹಾಕಿಸುವುದು ಲೇಸು. ಅಮೆರಿಕದ ಹ್ಯೂಸ್ ಏರ್‌ಕ್ರಾಫ್ಟ್ ಕಂಪನಿಯವರು 1960ರ ದಶಕದಲ್ಲಿ ಇದೇ ತಲೆನೋವಿಗೆ ಒಂದು ಪದ್ಧತಿ ರೂಪಿಸಿದ್ದರು. ಹಲವರು ಸೇರಿ ಬರೆಯುವ ದೊಡ್ಡ ಪ್ರಸ್ತಾವನೆಯನ್ನು ಒಂದೊಂದು ವಿಷಯಕ್ಕೆ ಎದುರುಬದುರಾದ ಎರಡು ಪುಟಗಳಂತೆ ಒಡೆದು, ಒಂದರಲ್ಲಿ ಪಠ್ಯ, ಇನ್ನೊಂದರಲ್ಲಿ ಚಿತ್ರ, ಮೇಲೆ ಆ ವಿಷಯದ ವಾದದ ಸಾರ ಇಡುತ್ತಿದ್ದರು. ಬರೆಯುವ ಮೊದಲೇ ಈ ನಕ್ಷೆಗಳನ್ನು ಗೋಡೆಗೆ ಅಂಟಿಸಿ ಎಲ್ಲರೂ ಟೀಕಿಸುತ್ತಿದ್ದರು. ನಿಮಗೆ ಅಷ್ಟು ವಿಸ್ತಾರ ಬೇಕಿಲ್ಲ. ಪ್ರತಿ ಭಾಗಕ್ಕೂ ಒಂದು ವಾಕ್ಯದ ವಾದ, ಅದಕ್ಕೆ ಎರಡು ಪುರಾವೆ, ಇಷ್ಟನ್ನು ಒಪ್ಪಿದ ಮೇಲೆಯೇ ಬರವಣಿಗೆ ಎಂಬ ನಿಯಮ ಸಾಕು. ಒಂದು ವಾಕ್ಯವನ್ನು ತಿದ್ದಲು ಐದು ನಿಮಿಷ ಹಿಡಿದರೆ, ಬರೆದು ಮುಗಿಸಿದ ಹತ್ತು ಪುಟಗಳನ್ನು ತಿದ್ದಲು ಎರಡು ದಿನ ಬೇಕಾಗುತ್ತದೆ, ಬರೆದವರ ಬೇಸರ ಬೇರೆ.

ಪರಿಶೀಲನೆಯ ವಿಷಯದಲ್ಲಿ ದೊಡ್ಡ ಸಂಸ್ಥೆಗಳು ಅನುಸರಿಸುವ ಪಿಂಕ್, ರೆಡ್, ಗೋಲ್ಡ್ ಎಂಬ ಹಂತಗಳನ್ನು (ಮೊದಲ ಕರಡು, ಪೂರ್ಣ ಕರಡು, ಅಂತಿಮ ಪ್ರತಿಗಳ ಪರಿಶೀಲನೆ) ಮೂವತ್ತು ಪ್ರಸ್ತಾವನೆಗಳಿಗೂ ಅನ್ವಯಿಸಲು ಹೋದರೆ ಎಂಟು ಮಂದಿ ಪರಿಶೀಲನೆಯನ್ನು ಬಿಟ್ಟು ಬೇರೇನೂ ಮಾಡಲಾರರು. ದೊಡ್ಡ ಮೊತ್ತದವಕ್ಕೆ ಮಾತ್ರ ಅವೆಲ್ಲ ಇರಲಿ. ಉಳಿದವನ್ನು, ಬರೆಯುವುದರಲ್ಲಿ ಭಾಗವಹಿಸದ ಒಬ್ಬರು ಗ್ರಾಹಕರ ಅಂಕಪಟ್ಟಿ ಹಿಡಿದು ಒಮ್ಮೆ ಓದಲಿ.

ಕೊನೆಗೆ ಒಂದು ಮಾತು, ಆಡಳಿತದವರಿಗೆ ಇದು ರುಚಿಸಲಿಕ್ಕಿಲ್ಲ. ಮೂವತ್ತರಲ್ಲಿ ಬರೆಯಲೇಬಾರದಿದ್ದ ಹಲವು ಸೇರಿಕೊಂಡಿರುತ್ತವೆ. ಗ್ರಾಹಕರ ಪರಿಚಯವೇ ಇಲ್ಲ, ಕೇಳಿದ ಅರ್ಹತೆ ಪೂರ್ಣವಾಗಿ ಇಲ್ಲ, ಷರತ್ತುಗಳು ಬೇರೆ ಯಾರನ್ನೋ ಮನಸ್ಸಿನಲ್ಲಿಟ್ಟು ಬರೆದಂತಿವೆ ಎನಿಸಿದರೆ ಬಿಡ್ ಮಾಡದಿರುವ ಅಧಿಕಾರ ನಿಮಗಿರಬೇಕು.

ಪ್ರಶ್ನೆ: ಎಐ ಉಪಕರಣಗಳು ಕ್ಷಣದಲ್ಲಿ ಬರೆದುಕೊಡುವಾಗ ಇಷ್ಟೆಲ್ಲ ತರಬೇತಿ ಏಕೆ?

ಉತ್ತರ: ಸಿದ್ಧ ಭಾಗಗಳನ್ನು ಪುಟಮಿತಿಗೆ ಹೊಂದಿಸಲು, ಆರ್‌ಎಫ್‌ಪಿಯಿಂದ ಬೇಡಿಕೆಗಳ ಮೊದಲ ಪಟ್ಟಿ ತೆಗೆಯಲು ಅವು ನಿಜಕ್ಕೂ ಉಪಯುಕ್ತ; ಬಳಸಿ. ಆದರೆ ನಿಮ್ಮ ಬಳಿ ಇಲ್ಲದ ಪ್ರಮಾಣಪತ್ರವನ್ನೂ ಮಾಡದ ಕೆಲಸವನ್ನೂ ಅವು ಅಷ್ಟೇ ಆತ್ಮವಿಶ್ವಾಸದಿಂದ ಬರೆಯಬಲ್ಲವು, ಮತ್ತು ಪ್ರಸ್ತಾವನೆಯ ಮಾತು ಒಪ್ಪಂದದ ಭಾಗವಾದರೆ ಅದಕ್ಕೆ ಬದ್ಧವಾಗಬೇಕಾದದ್ದು ಸಹಿ ಹಾಕಿದ ನಿಮ್ಮ ಕಂಪನಿ. ಪ್ರತಿ ಅಂಕಿ, ಪ್ರತಿ ಭರವಸೆಯ ಮೂಲವನ್ನು ತೋರಿಸಬಲ್ಲವರು ತಂಡದಲ್ಲಿರಬೇಕು. ಗ್ರಾಹಕರ ಗೋಪ್ಯ ದಾಖಲೆಗಳನ್ನು ಇಂಥ ಉಪಕರಣಕ್ಕೆ ಹಾಕುವ ಮುನ್ನ ಗೋಪ್ಯತೆಯ ಒಪ್ಪಂದ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ತರಬೇತಿ ಫಲಿಸಿತೇ ಎಂದು ಅಳೆಯುವುದು ಹೇಗೆ?

ಉತ್ತರ: ಗೆಲುವಿನ ಪ್ರಮಾಣವೊಂದನ್ನೇ ನೋಡಬೇಡಿ, ಅದರಲ್ಲಿ ದರದ ಪಾಲೂ ಇರುತ್ತದೆ. ಸೋತಾಗ ಗ್ರಾಹಕರಿಂದ ಡಿಬ್ರೀಫ್ (ಮೌಲ್ಯಮಾಪನದ ವಿವರಣೆ) ಕೇಳಿ, ಯಾವ ವಿಭಾಗದಲ್ಲಿ ಎಷ್ಟು ಅಂಕ ಬಂತೆಂದು ಗುರುತು ಹಾಕಿಕೊಳ್ಳಿ. ಗೆದ್ದಾಗಲೂ ಕೇಳಿ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಅರ್ಹತೆಯ ಹಂತದಲ್ಲಿಯೇ ತಿರಸ್ಕೃತವಾದವುಗಳ ಲೆಕ್ಕ ಬೇರೆಯೇ ಇರಲಿ. ಅದು ಸೊನ್ನೆಗೆ ಇಳಿಯುವವರೆಗೆ ಭಾಷಾ ತರಬೇತುದಾರರನ್ನು ಕರೆಸುವ ಅಗತ್ಯವಿಲ್ಲ.