ನಮ್ಮ ನಾಯಿ ಯಾರಿಗೂ ಏನೂ ಮಾಡಲ್ಲ, ಪಾರ್ಕಿನಲ್ಲಿ ಚೈನ್ ಬಿಚ್ಚಬಹುದಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೂಡಿಗೆರೆ ಕಡೆಯ ತೋಟದಿಂದ ಹಾಸನಕ್ಕೆ ಬಂದು ಮನೆ ಮಾಡಿದ್ದೀರಿ. ಜೊತೆಗೆ ಎರಡು ವರ್ಷದ ಲ್ಯಾಬ್ರಡಾರ್. ಬೆಳಗ್ಗೆ ಐದೂವರೆಗೆ ಪಾರ್ಕಿನಲ್ಲಿ ಯಾರೂ ಇರುವುದಿಲ್ಲ, ನಾಯಿ ತರಬೇಡಿ ಅಂತ ಬೋರ್ಡೂ ಇಲ್ಲ. ಹಾಗಿದ್ದ ಮೇಲೆ ಅರ್ಧ ಗಂಟೆ ಚೈನ್ ಬಿಚ್ಚಿ ಬಿಟ್ಟರೆ ಯಾವ ಕಾನೂನು ಅಡ್ಡ ಬರುತ್ತದೆ ಅಂತ ಕೇಳಿದ್ದೀರಿ. ಮೂಡಿಗೆರೆ ಅಂತ ಇರುವ ಕಡೆ ಸಕಲೇಶಪುರ ಅಂತ ಬರೆದರೆ ಇದು ನನ್ನದೇ ಕಥೆ.

2017ರಲ್ಲಿ ಮಗಳ ಓದಿಗೆ ಅಂತ ವಿದ್ಯಾನಗರದ ಕಡೆ ಬಾಡಿಗೆ ಮನೆ ಮಾಡಿದೆವು. ನಮ್ಮ ಲ್ಯಾಬ್ರಡಾರ್ ಜಿಮ್ಮಿ ಅಷ್ಟರವರೆಗೆ ತೋಟದಲ್ಲೇ ಬೆಳೆದಿದ್ದ. ತೋಟದ ನಾಯಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಗಲೆಲ್ಲ ಬಿಟ್ಟೇ ಇರುತ್ತದೆ, ಕತ್ತಲಾದ ಮೇಲೆ ಚಿರತೆ ಭಯಕ್ಕೆ ಗೂಡಿಗೆ ಹಾಕುತ್ತೇವೆ. ಚೈನು ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಯಾರಾದರೂ ಮನೆಗೆ ಬಂದರೆ ಎದುರಿಗೆ ಓಡಿ ಹೋಗಿ, ಎದೆ ಮೇಲೆ ಎರಡೂ ಕಾಲಿಟ್ಟು ಮುಖ ನೆಕ್ಕುತ್ತಿದ್ದ. ಬಂದವರು ನಗುತ್ತಿದ್ದರು. ನಾವೂ ನಗುತ್ತಾ ಅವನ ಬೆನ್ನು ತಟ್ಟುತ್ತಿದ್ದೆವು. ಹಾಗೆ ತಟ್ಟಿ ತಟ್ಟಿಯೇ ಅವನಿಗೆ ಆ ಅಭ್ಯಾಸ ಕಲಿಸಿದವರು ನಾವು.

ಊರಿಗೆ ಬಂದ ಮೇಲೆ ಮೂವತ್ತು ಅಡಿ ಅಂಗಳ, ಒಂದು ಗ್ರಿಲ್ ಗೇಟು, ಅಷ್ಟೇ ಅವನ ಪಾಲಿಗೆ. ದಿನವಿಡೀ ಗ್ರಿಲ್ ಸಂದಿಗೆ ಮೂಗು ತೂರಿಸಿಕೊಂಡು ಮಲಗುತ್ತಿದ್ದ. ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಬೆಳಗ್ಗೆ ಎದ್ದು ಬಡಾವಣೆಯ ಪಾರ್ಕಿಗೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಮೊದಲ ತಿಂಗಳು ಚೈನ್ ಹಿಡಿದೇ ಸುತ್ತಿದೆ. ಆಮೇಲೆ ಬಿಚ್ಚಿದೆ. ಒಂದು ವರ್ಷ ಏನೂ ಆಗಲಿಲ್ಲ. ಆ ಒಂದು ವರ್ಷವೇ ನನ್ನನ್ನು ಹಾಳು ಮಾಡಿದ್ದು. ನಾಯಿ ಎಷ್ಟು ಒಳ್ಳೆಯದು ಅಂತ ನನಗೆ ದಿನಾ ಹೊಸದಾಗಿ ಸಾಬೀತಾಗುತ್ತಿತ್ತು.

ಈಗ ಆ ತಪ್ಪಿನ ವಿಷಯ. ಸ್ವಲ್ಪ ಉದ್ದವಾದರೂ ಬೇಸರ ಮಾಡಿಕೊಳ್ಳಬೇಡಿ, ಯಾಕೆಂದರೆ ನೀವು ಬರೆದ ರೀತಿ ನೋಡಿದರೆ ನೀವೂ ಅದನ್ನೇ ಮಾಡುತ್ತಿದ್ದೀರಿ.

ಎಲ್ಲರೂ ನನ್ನ ತಪ್ಪು ಚೈನ್ ಬಿಚ್ಚಿದ್ದು ಅಂತಾರೆ. ನಿಜ. ಆದರೆ ಎಲ್ಲಿ ಬಿಚ್ಚಿದೆ ಅನ್ನುವುದರಲ್ಲಿ ಇನ್ನೂ ದೊಡ್ಡ ತಪ್ಪಿದೆ. ಆ ಪಾರ್ಕಿಗೆ ದನ ನುಗ್ಗದಿರಲಿ ಅಂತ ಕಬ್ಬಿಣದ ಪೈಪಿನ ಅಂಕುಡೊಂಕು ದಾರಿ ಇಟ್ಟಿದ್ದಾರೆ. ಮನುಷ್ಯ ಅಡ್ಡ ತಿರುಗಿ ನುಸುಳಬೇಕು. ನಾಯಿ ಹಿಡಿದುಕೊಂಡು ನುಸುಳುವಾಗ ಚೈನು ಪೈಪಿಗೆ ಸುತ್ತಿಕೊಳ್ಳುತ್ತದೆ, ನಾಯಿ ಆ ಕಡೆ, ನಾವು ಈ ಕಡೆ. ದಿನಾ ಈ ಗೋಳು. ಅದಕ್ಕೆ ನಾನು ಗೇಟಿನಲ್ಲೇ ಬಗ್ಗಿ, ಬೆಲ್ಟಿನ ಕೊಕ್ಕೆಯನ್ನು ಹೆಬ್ಬೆರಳಲ್ಲಿ ಒತ್ತಿ ಬಿಡಿಸಿ, ಚೈನನ್ನು ಹೆಗಲ ಮೇಲೆ ಹಾಕಿಕೊಂಡು ಆಮೇಲೆ ನಿಧಾನವಾಗಿ ಒಳಗೆ ಬರುತ್ತಿದ್ದೆ. ಅಂದರೆ ನಾಯಿ ಪಾರ್ಕಿನ ಒಳಗೆ, ನಾನಿನ್ನೂ ಹೊರಗೆ. ಪಾರ್ಕಿನಲ್ಲಿ ಯಾರಿದ್ದಾರೆ ಅಂತ ನಾನು ನೋಡುವ ಮೊದಲು ನಾಯಿ ನೋಡಿ ಆಗಿರುತ್ತಿತ್ತು.

ಇದನ್ನು ಹೇಗೆ ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ. ಗೇಟಿನಿಂದ ಕಾಣುವುದು ಹುಲ್ಲು ಮತ್ತು ಮಕ್ಕಳ ಜಾರುಬಂಡೆ ಮಾತ್ರ. ನಡೆಯುವ ದಾರಿ ನೀರಿನ ಟ್ಯಾಂಕಿನ ಹಿಂದೆ ತಿರುಗುತ್ತದೆ. ಟ್ಯಾಂಕಿನ ಪಕ್ಕಕ್ಕೆ ಹೋಗಿ ನಿಂತರೆ ಇಡೀ ಪಾರ್ಕು ಕಾಣುತ್ತದೆ. ಗೇಟಿನಿಂದ ಅಲ್ಲಿಗೆ ಮೂವತ್ತು ಹೆಜ್ಜೆ ಇರಬಹುದು. ಆ ಮೂವತ್ತು ಹೆಜ್ಜೆ ಚೈನ್ ಕೈಯಲ್ಲಿದ್ದಿದ್ದರೆ ಸಾಕಿತ್ತು. ಪೈಪಿಗೆ ಸುತ್ತಿಕೊಂಡ ಚೈನ್ ಬಿಡಿಸಿಕೊಳ್ಳಲು ಬೇಕಾದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷ ಉಳಿಸಲು ಹೋದೆ.

2018ರ ಡಿಸೆಂಬರ್. ಹಾಸನದ ಡಿಸೆಂಬರ್ ಮಂಜು ನೀವು ನೋಡಿಯೇ ಇರುತ್ತೀರಿ, ಬೀದಿ ದೀಪದ ಕೆಳಗೆ ಹಾಲಿನಂತೆ ನಿಂತಿರುತ್ತದೆ. ನಾನು ಕೊಕ್ಕೆ ಬಿಚ್ಚಿದೆ. ಜಿಮ್ಮಿ ಒಳಗೆ ಓಡಿದ. ನಾನು ಪೈಪಿನ ಸಂದಿಯಲ್ಲಿ ಎರಡನೇ ತಿರುವಿನಲ್ಲಿದ್ದೆ. ಟ್ಯಾಂಕಿನ ಹಿಂದಿನಿಂದ “ಏಯ್, ಏಯ್” ಅಂತ ಒಂದು ದನಿ ಬಂತು. ಆಮೇಲೆ ಏನೋ ಬಿದ್ದ ಶಬ್ದ. ಓಡಿ ಹೋಗಿ ನೋಡಿದರೆ ನಮ್ಮ ಬೀದಿಯ ಕೊನೆ ಮನೆಯ ಮೇಷ್ಟ್ರು ನೆಲದ ಮೇಲಿದ್ದರು. ಎಪ್ಪತ್ತೆರಡು ವರ್ಷ, ಹೈಸ್ಕೂಲಿನಲ್ಲಿದ್ದು ರಿಟೈರ್ ಆದವರು. ಮಫ್ಲರ್ ಅರ್ಧ ಬಿಚ್ಚಿಕೊಂಡಿತ್ತು. ಒಂದು ಚಪ್ಪಲಿ ಹುಲ್ಲಿನ ಮೇಲೆ ಹೋಗಿ ಬಿದ್ದಿತ್ತು. ಜಿಮ್ಮಿ ಬಾಲ ಆಡಿಸುತ್ತಾ ಅವರ ಕೆನ್ನೆ ನೆಕ್ಕುತ್ತಿದ್ದ.

ಕಚ್ಚಿರಲಿಲ್ಲ. ಬೊಗಳಿರಲೂ ಇಲ್ಲ. ಪ್ರೀತಿಯಿಂದ ಹಾರಿದ್ದ, ಅಷ್ಟೇ. ಮೂವತ್ತೆರಡು ಕೆಜಿ ತೂಕ ಓಡಿ ಬಂದು ಎದೆಗೆ ಬಿದ್ದರೆ ಎಪ್ಪತ್ತೆರಡರ ಮನುಷ್ಯ ನಿಲ್ಲುವುದು ಹೇಗೆ? “ಏಳಿ ಮೇಷ್ಟ್ರೇ, ನಾನು ಹಿಡ್ಕೋತೀನಿ” ಅಂತ ಕೈ ಕೊಟ್ಟೆ. ಅವರು ಕೈ ಹಿಡಿದರು, ಆದರೆ ಕಾಲು ಬರಲಿಲ್ಲ. ಬಲಗಾಲು ಸ್ವಲ್ಪ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡು ಬಿದ್ದಿತ್ತು. ಸೊಂಟದ ಕೀಲಿನ ಹತ್ತಿರ ತೊಡೆ ಮೂಳೆ ಮುರಿದರೆ ಕಾಲು ಹಾಗೆ ಕಾಣುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು.

ಅವರ ಮುಂಗೈ ಮೇಲೆ ಉಗುರು ಗೀರಿ ರಕ್ತ ಬಂದಿತ್ತು. ಮೂಳೆಯ ಗಡಿಬಿಡಿಯಲ್ಲಿ ನಾನು ಅದನ್ನು ಗಮನಿಸಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಮೊದಲು ಕೇಳಿದ್ದೇ ಅದನ್ನು. ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿದರು. ಜಿಮ್ಮಿಯ ಲಸಿಕೆ ಕಾರ್ಡು ಸರಿಯಾಗಿತ್ತು, ತಂದು ತೋರಿಸಿದೆ. ಆದರೂ ರೇಬೀಸ್ ವಿಷಯದಲ್ಲಿ ಅವರು ರಿಸ್ಕ್ ತೆಗೆದುಕೊಳ್ಳಲಿಲ್ಲ. ಗಾಯದ ಸುತ್ತ ಒಂದು ಇಂಜೆಕ್ಷನ್, ಅದೇ ದಿನ ಲಸಿಕೆ, ಆಮೇಲೆ 3, 7 ಮತ್ತು 28ನೇ ದಿನಕ್ಕೆ ಮತ್ತೆ ಲಸಿಕೆ. ನಾಯಿಯನ್ನು ಹತ್ತು ದಿನ ಮನೆಯಲ್ಲೇ ಕಟ್ಟಿ ನೋಡಿಕೊಳ್ಳಬೇಕು ಅಂದರು. ಮೂಳೆ ಮುರಿದು ಮಲಗಿರುವ ಮನುಷ್ಯನ ಎರಡೂ ತೋಳಿಗೆ ನಮ್ಮ ನಾಯಿಯ ದೆಸೆಯಿಂದ ಸೂಜಿ. 28ನೇ ದಿನ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅವರನ್ನು ಸೀಟಿನ ಮೇಲೆ ಕೂರಿಸಲು ಹತ್ತು ನಿಮಿಷ ಹಿಡಿಯಿತು. ದಾರಿಯುದ್ದಕ್ಕೂ ಸೀಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು.

ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಅಂತ ಬರೆದಿದ್ದರಿಂದ ಸಂಜೆ ಸ್ಟೇಷನ್ನಿನಿಂದ ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ನಾನೂ ಅವರಿಗೆ ನೀವು ಕೇಳಿದ ಪ್ರಶ್ನೆಯನ್ನೇ ಕೇಳಿದೆ. “ಸಾರ್, ಕಚ್ಚಿಲ್ಲ. ಬೋರ್ಡೂ ಇಲ್ವಲ್ಲ?” ಅವರು ಸಿಟ್ಟಾಗಲಿಲ್ಲ. “ಬೋರ್ಡು ಪಾರ್ಕಿಗೆ ಸ್ವಾಮಿ. ನಾಯಿ ನಿಮ್ದು” ಅಂದರು. ಆಮೇಲೆ ಐಪಿಸಿ 289 ಅಂತ ಸೆಕ್ಷನ್ ಇದೆ ಅಂತ ವಿವರಿಸಿದರು. ನಮ್ಮ ವಶದಲ್ಲಿರುವ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಪಾಯ ಅಥವಾ ಭಾರೀ ಗಾಯ ಆಗದಂತೆ ನೋಡಿಕೊಳ್ಳದೆ ಅಸಡ್ಡೆ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದರಲ್ಲಿ ಕಚ್ಚುವುದು ಅನ್ನುವ ಮಾತೇ ಇಲ್ಲ. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ಅದು ಭಾರೀ ಗಾಯವೇ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಇದೇ ಮಾತು 291ನೇ ಸೆಕ್ಷನ್. ಜೈಲು ಮೊದಲಿನಷ್ಟೇ, ದಂಡ ಐದು ಸಾವಿರದವರೆಗೆ ಏರಿದೆ. ನೀವು ಹುಡುಕುತ್ತಿರುವ ಕಾನೂನು ಇದೇ. ಪಾರ್ಕಿನ ಗೋಡೆ ಮೇಲೆ ಇದನ್ನು ಯಾರೂ ಬರೆದಿರುವುದಿಲ್ಲ. ಬೆಳಗ್ಗೆ ಐದೂವರೆಗೂ ಇದು ಜಾರಿಯಲ್ಲಿರುತ್ತದೆ.

ಮೇಷ್ಟ್ರ ಮಗ ಮೈಸೂರಿನಿಂದ ರಾತ್ರೋರಾತ್ರಿ ಬಂದ. ಕಂಪ್ಲೇಂಟ್ ಕೊಡುತ್ತೇನೆ ಅಂದ. ಕೊಟ್ಟಿದ್ದರೆ ತಪ್ಪೇನೂ ಇರಲಿಲ್ಲ. ಮೇಷ್ಟ್ರೇ ಬೇಡ ಅಂದರು. ಆಪರೇಷನ್ ಆಗಿ ಮೂರನೇ ದಿನ ನನ್ನನ್ನು ಮಂಚದ ಹತ್ತಿರ ಕರೆದರು. “ನಾಯಿಗೇನು ಗೊತ್ತಾಗುತ್ತಪ್ಪ. ನೀನು ಯಾಕೆ ಬಿಟ್ಟೆ?” ಅಂದರು. ಬೈಯಲಿಲ್ಲ. ಕ್ಲಾಸಿನಲ್ಲಿ ಹುಡುಗನನ್ನು ಕೇಳಿ ಉತ್ತರಕ್ಕೆ ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದರು. ಗೇಟಿನಲ್ಲಿ ಚೈನ್ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಕೀಲಿನ ಚೆಂಡಿನ ಭಾಗ ತೆಗೆದು ಲೋಹದ್ದು ಹಾಕಿದ್ದರು. ಮಗಳ ಕಾಲೇಜಿಗೆ ಅಂತ ಇಟ್ಟಿದ್ದ ದುಡ್ಡಿನಿಂದ 1,65,000 ಕಟ್ಟಿದೆ. ಅವರ ಮನೆಯವರು ನಾಲ್ಕು ತಿಂಗಳು ಅವರನ್ನು ಬಚ್ಚಲಿಗೆ ಹಿಡಿದುಕೊಂಡು ಹೋಗಿ ಬಂದರು. ಅದಕ್ಕೆ ನಾನು ಏನು ಕಟ್ಟಿದರೂ ಆಗುವುದಿಲ್ಲ.

ಈಗ ನಿಮಗೆ ಹೇಳುವುದು. ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ನಾಯಿ ಕಚ್ಚುತ್ತದೋ ಇಲ್ಲವೋ ಅನ್ನುವುದು ನಿಮಗೆ ಗೊತ್ತು. ಮಂಜಿನಲ್ಲಿ ಎದುರಿಗೆ ಓಡಿ ಬರುವ ನಾಯಿ ಕಂಡವರಿಗೆ ಅದು ಗೊತ್ತಿಲ್ಲ. “ಏನೂ ಮಾಡಲ್ಲ, ಹೆದರ್ಕೋಬೇಡಿ” ಅಂತ ದೂರದಿಂದ ಕೂಗುತ್ತೇವಲ್ಲ, ಆ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಹೆದರಿ ಒಂದು ಹೆಜ್ಜೆ ಹಿಂದಿಟ್ಟು ಎಡವಿ ಬಿದ್ದರೂ ಮೂಳೆ ಮುರಿಯುತ್ತದೆ.

ತಳಿ ಒಳ್ಳೆಯದು ಅಂತಲೂ ಬರೆದಿದ್ದೀರಿ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಅಂತ ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿತ್ತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ 23ರಲ್ಲಿ ಲ್ಯಾಬ್ರಡಾರ್ ಇರಲೇ ಇಲ್ಲ. ಮೇಷ್ಟ್ರನ್ನು ಬೀಳಿಸಿದ್ದು ಲ್ಯಾಬ್ರಡಾರ್.

ಪಾರ್ಕಿಗೆ ನಾಯಿ ಕರೆದುಕೊಂಡು ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಕೊಟ್ಟ ಸೂಚನೆಯಲ್ಲಿ ಸಾಕುನಾಯಿಗಳನ್ನು ಪಾರ್ಕಿನಿಂದ ಪೂರ್ತಿ ದೂರ ಇಡುವುದು ಸರಿಯಲ್ಲ ಅಂತಲೇ ಇದೆ. ಅದೇ ಸೂಚನೆಯಲ್ಲಿ ಸಾರ್ವಜನಿಕ ಜಾಗದಲ್ಲಿ ಚೈನ್ ಹಾಕಿರಿ ಅಂತಲೂ ಇದೆ. ನಾವು ಮೊದಲನೆಯದನ್ನು ಮಾತ್ರ ಓದಿಕೊಳ್ಳುತ್ತೇವೆ. 2022ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ನಾಯಿ ತರುವುದನ್ನೇ ನಿಲ್ಲಿಸುವ ಮಾತು ಬಂದಿತ್ತು. ಚೈನ್ ಇಲ್ಲದೆ ಬಿಡುತ್ತಾರೆ, ಕಕ್ಕ ಎತ್ತುವುದಿಲ್ಲ ಅನ್ನುವುದೇ ಅಲ್ಲಿಯ ದೂರು. ಒಬ್ಬರು ಬಿಟ್ಟದ್ದಕ್ಕೆ ಎಲ್ಲರ ನಾಯಿಗೂ ಬಾಗಿಲು ಮುಚ್ಚುವುದು ಹೀಗೇ. ನಮ್ಮ ಊರಿನ ಸಣ್ಣ ಪಾರ್ಕಿಗೆ ಇನ್ನೂ ಆ ಬೋರ್ಡು ಬಂದಿಲ್ಲ ಅಂದರೆ ಅದನ್ನು ಉಳಿಸಿಕೊಳ್ಳಿ.

ಬೆಳಗ್ಗೆ ಒಂದು ಗಂಟೆ ನಾಯಿಗಳಿಗೇ ಅಂತ ಬಿಟ್ಟುಕೊಡಿ ಎಂದು ಅರ್ಜಿ ಕೊಡೋಣವಾ ಅಂತ ಕೇಳಿದ್ದೀರಿ. ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಬೇಲಿ ಹಾಕಿದ ಬೇರೆ ಜಾಗ ಕೇಳಿ, ಸಮಯ ಕೇಳಬೇಡಿ. ಮೇಷ್ಟ್ರಂಥವರಿಗೆ ನಿದ್ದೆ ಬಿಡುವುದು ನಾಲ್ಕೂವರೆಗೆ. ಅವರಿಗೆ ಬಿಸಿಲು ಆಗದು, ಗಾಡಿ ಓಡಾಡುವ ರೋಡು ಆಗದು. ನಿಮಗೆ ಖಾಲಿ ಕಾಣುವ ಆ ಹೊತ್ತು ಅವರ ಹೊತ್ತು.

ಚೈನಿನ ಬಗ್ಗೆ ಒಂದು ಮಾತು. ಗುಂಡಿ ಒತ್ತಿದರೆ ಉದ್ದ ಬಿಚ್ಚಿಕೊಳ್ಳುವ ರೋಲ್ ಚೈನ್ ತರಬೇಡಿ. ಹದಿನೈದು ಅಡಿ ದೂರದಲ್ಲಿರುವ ನಾಯಿ ಬಿಟ್ಟ ನಾಯಿಯೇ. ಐದಾರು ಅಡಿಯ ಗಟ್ಟಿ ಪಟ್ಟಿ, ಎದೆಗೆ ಹಾಕುವ ಬೆಲ್ಟ್ ಸಾಕು. ಹಾರುವ ಅಭ್ಯಾಸ ಬಿಡಿಸುವುದು ಕಷ್ಟವೇನಲ್ಲ. ಹಾರಿದಾಗ ಬೈಯದೆ, ಮುಟ್ಟದೆ ಬೆನ್ನು ತಿರುಗಿಸಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ತಟ್ಟಿ, ತಿಂಡಿ ಕೊಡಿ. ಮನೆಯವರೆಲ್ಲ ಹಾಗೇ ಮಾಡಬೇಕು, ಒಬ್ಬರು ಮುದ್ದು ಮಾಡಿದರೂ ಕಲಿಯುವುದಿಲ್ಲ. ಜಿಮ್ಮಿ ಎರಡು ತಿಂಗಳಲ್ಲಿ ಕಲಿತ. ಮೊದಲೇ ಕಲಿಸಬಹುದಿತ್ತು.

ಮೇಷ್ಟ್ರು ಈಗಲೂ ಕೋಲು ಹಿಡಿದು ಅದೇ ಪಾರ್ಕಿಗೆ ಬರುತ್ತಾರೆ. ಜಿಮ್ಮಿಗೆ ವಯಸ್ಸಾಗಿದೆ, ಓಡುವ ಆಸೆಯೂ ಇಲ್ಲ. ಆದರೂ ನಾವು ಎದುರಾದಾಗ ಮೇಷ್ಟ್ರು ದಾರಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ನಾಯಿಯ ಕಡೆ ನೋಡುವುದಿಲ್ಲ, ನನ್ನ ಕೈ ನೋಡುತ್ತಾರೆ. ಚೈನನ್ನು ಎರಡು ಸುತ್ತು ಸುತ್ತಿಕೊಂಡಿರುವುದು ಕಂಡ ಮೇಲೆ “ಹೇಗಿದ್ದೀಯಪ್ಪ” ಅಂತ ಕೇಳುತ್ತಾರೆ.

ನಿಮ್ಮ ನಾಯಿಗೆ ಓಡಲು ಜಾಗ ಬೇಕು, ಅದು ಸುಳ್ಳಲ್ಲ. ನಾನು ಭಾನುವಾರ ಜಿಮ್ಮಿಯನ್ನು ತೋಟಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಕಾಫಿ ಒಣಗಿಸುವ ಕಣದ ಸುತ್ತ ಬೇಲಿ ಇದೆ, ಒಳಗೆ ಬಿಟ್ಟು ಗೇಟು ಹಾಕಿದರೆ ಆಯಿತು. ಕೊಯ್ಲಿನ ಹೊತ್ತಿನಲ್ಲಿ ಕಣ ತುಂಬಾ ಕಾಫಿ ಇರುತ್ತದೆ. ಮಾರ್ಚ್ ಹೊತ್ತಿಗೆ ಖಾಲಿ. ಮೂಡಿಗೆರೆ ದೂರ ಆಯಿತು ಅನ್ನಿಸಿದರೆ ನಮ್ಮಲ್ಲಿಗೇ ಬನ್ನಿ, ಇಲ್ಲೇ ಒಂದು ಮೆಸೇಜ್ ಹಾಕಿ. ಗೇಟಿನ ಹೊರಗೆ ಕಾರು ನಿಲ್ಲಿಸಿ, ಒಳಗೆ ಬಂದ ಮೇಲೆ ಕೊಕ್ಕೆ ಬಿಚ್ಚೋಣ.