ಸೆರೆನಾ ವಿಲಿಯಮ್ಸ್ ಬೆಂಗಳೂರಿನಲ್ಲಿ ಗೆದ್ದ ಟೂರ್ನಿ ಯಾವುದು? ಅದು ಈಗಲೂ ಇದೆಯಾ?

ಅದು ಡಬ್ಲ್ಯುಟಿಎ (ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆ) ಮಾನ್ಯತೆಯ ಮಹಿಳೆಯರ ಬೆಂಗಳೂರು ಓಪನ್. ಈಗ ಇಲ್ಲ. 2008ರದ್ದೇ ಕೊನೆಯದು.

ಈ ಟೂರ್ನಿ ಹುಟ್ಟಿದ್ದು ಬೆಂಗಳೂರಿನಲ್ಲಲ್ಲ, ಹೈದರಾಬಾದಿನಲ್ಲಿ, 2003ರಲ್ಲಿ. ಅಲ್ಲಿ 2005ರಲ್ಲಿ 18 ವರ್ಷದ ಸಾನಿಯಾ ಮಿರ್ಜಾ, ತಮ್ಮ ಊರಿನ ಜನರ ಎದುರೇ, ಫೈನಲ್‌ನಲ್ಲಿ ಉಕ್ರೇನಿನ ಅಲ್ಯೋನಾ ಬೊಂಡರೆಂಕೊ ಅವರನ್ನು ಸೋಲಿಸಿದರು. ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಅವರೇ. ನನ್ನ ಪ್ರಕಾರ ಈ ಟೂರ್ನಿಯನ್ನು ನೆನಪಿಡಲು ಅದೊಂದೇ ಸಾಕು.

2006ರಲ್ಲಿ ಟೂರ್ನಿ ಬೆಂಗಳೂರಿಗೆ ಬಂತು. ಆ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ ಗೆದ್ದರು. ಮರುವರ್ಷ ಫೈನಲ್‌ನಲ್ಲಿ ಅವರನ್ನೇ ಯಾರೊಸ್ಲಾವಾ ಶ್ವೆಡೋವಾ ಸೋಲಿಸಿದರು.

2008ರಲ್ಲಿ ಟೂರ್ನಿಯ ದರ್ಜೆ ಟಿಯರ್ 2ಕ್ಕೆ (ಆಗಿನ ಡಬ್ಲ್ಯುಟಿಎ ಶ್ರೇಣಿಯ ಎರಡನೇ ಹಂತ) ಏರಿತು. ಬಹುಮಾನದ ಹಣವೂ ಜಾಸ್ತಿಯಾಯಿತು, ದೊಡ್ಡ ಹೆಸರುಗಳೂ ಬಂದವು. ಸಾನಿಯಾ ಮಾತ್ರ ಆಡಲಿಲ್ಲ. ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್, ತಂಗಿ ಸೆರೆನಾ ಎದುರುಬದುರು! ಸೋಲಿಗೆ ಒಂದೇ ಪಾಯಿಂಟ್ ಬಾಕಿ ಇದ್ದ ಹಂತದಿಂದ (ಮ್ಯಾಚ್ ಪಾಯಿಂಟ್) ಪಾರಾಗಿ, ಮೂರನೇ ಸೆಟ್‌ನ ಟೈಬ್ರೇಕರ್‌ನಲ್ಲಿ ಸೆರೆನಾ ಗೆದ್ದರು. ಅಂಥ ಪಂದ್ಯ ನಮ್ಮೂರಲ್ಲಿ ನಡೆದಿತ್ತು ಅಂದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಸೋತರು.

ಈಗ ಅದೇ ಹೆಸರಿನಲ್ಲಿ ಪುರುಷರ ಚಾಲೆಂಜರ್ (ಮುಖ್ಯ ಟೂರ್‌ಗಿಂತ ಕೆಳಗಿನ ಹಂತದ) ಟೂರ್ನಿ ಇದೆಯಲ್ವಾ, ಅದು ಬೇರೆ. ಎರಡನ್ನೂ ಬೆರೆಸಬೇಡಿ.