ಬಿಡಬೇಕಾದದ್ದು ಸೀರಮ್ ಅಲ್ಲ, ಟೋನರ್

ಮೆರೈನ್ ಫರ್ಮೆಂಟ್ ಸೀರಮ್ (ಸಮುದ್ರದ ಬ್ಯಾಕ್ಟೀರಿಯಾ ಬೆಳೆಸಿ ತೆಗೆದ ಸಾರ ಇರುವ ಸೀರಮ್) ಹಚ್ಚಿದರೆ ಕೆನ್ನೆ ಉರಿಯುತ್ತೆ, ಅದು ಬ್ಯಾಕ್ಟೀರಿಯಾ ಅಲ್ವಾ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ನಡುವೆ ಗ್ಲೈಕಾಲಿಕ್ ಟೋನರ್ (ಚರ್ಮದ ಮೇಲ್ಪದರ ಉದುರಿಸುವ ಆಮ್ಲ ಇರುವ ದ್ರವ) ಸುದ್ದಿಯನ್ನೂ ಹಾಗೇ ತೇಲಿಸಿಬಿಟ್ಟಿದ್ದೀರಿ. ನನ್ನ ಕಥೆ ಕೇಳಿ.

ತುಮಕೂರಿನ ನಮ್ಮ ಮನೆಗೆ ಬರುವುದು ಬೋರ್ ನೀರು, ನಲ್ಲಿ ಬಾಯಿಗೆ ಬಿಳಿ ಪದರ ಕಟ್ಟುವಷ್ಟು ಗಡಸು. ಮುಖ ತೊಳೆದರೆ ಬಿಗಿಯುತ್ತಿತ್ತು. ಆಲ್ಟೆರೊಮೊನಾಸ್ ಅನ್ನುವ ಸಮುದ್ರ ಬ್ಯಾಕ್ಟೀರಿಯಾದ ಫರ್ಮೆಂಟ್ ಇದ್ದ ಸೀರಮ್ ತರಿಸಿದೆ, ಆಫರ್ ಇತ್ತು ಅಂತ ಗ್ಲೈಕಾಲಿಕ್ ಟೋನರ್ ಕೂಡ. ಎರಡನ್ನೂ ಒಂದೇ ರಾತ್ರಿ ಶುರು ಮಾಡಿದೆ. ಕೆಟ್ಟಿದ್ದೇ ಅಲ್ಲಿ. ಮೂಗಿನ ಪಕ್ಕ ಚರ್ಮ ಪ್ಲಾಸ್ಟಿಕ್ ಹಾಳೆ ಥರ ಹೊಳೆಯತೊಡಗಿತು, ನಾನು ಅದನ್ನು ಗ್ಲೋ ಅಂದುಕೊಂಡೆ! ಅದು ಮೇಲ್ಪದರ ಸವೆದ ಹೊಳಪು. ಟೋನರ್ ಚುರುಗುಟ್ಟಿದರೆ ಕೆಲಸ ಮಾಡ್ತಿದೆ ಅಂದುಕೊಳ್ಳುತ್ತಿದ್ದೆ, ಅದರ ಮೇಲೆ ಸೀರಮ್ ಹಚ್ಚಿದಾಗ ಉರಿದರೆ ಬೈಗುಳ ಸೀರಮ್‌ಗೆ. ಸವೆದ ಚರ್ಮಕ್ಕೆ ಬರೀ ನೀರು ತಾಗಿದರೂ ಉರಿಯುತ್ತದೆ, ಅದು ನನಗೆ ಆಗ ತೋಚಲೇ ಇಲ್ಲ. ಸೀರಮ್ ಬಿಟ್ಟೆ, ಟೋನರ್ ಬೆಳಿಗ್ಗೆಯೂ ಹಚ್ಚಿದೆ, ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಲ್ಲಿ ಸ್ಕೂಟಿ ಓಡಿಸಿದೆ. ಕೆನ್ನೆ ಮೇಲೆ ಕಪ್ಪು ಕಲೆ ಕೂತಿತು, ಹೋಗೋಕೆ ತಿಂಗಳುಗಳೇ ಬೇಕಾಯಿತು. ಚರ್ಮದ ಡಾಕ್ಟರ್ ಎಲ್ಲ ಬಾಟಲಿ ತನ್ನಿ ಅಂದರು, ನೋಡಿದವರೇ ಟೋನರ್ ಎತ್ತಿ ಪಕ್ಕಕ್ಕಿಟ್ಟರು.

ಇನ್ನು ಬ್ಯಾಕ್ಟೀರಿಯಾ ಭಯ. ಬಾಟಲಿಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದಿಲ್ಲ ಕಣ್ರೀ. ಇಂಥ ಕೆಲವು ಜೀವಿಗಳು ಮೊದಲು ಸಿಕ್ಕಿದ್ದು ಆಳಸಮುದ್ರದ ಬಿಸಿನೀರಿನ ಬುಗ್ಗೆಗಳ ಹತ್ತಿರ, ನಿಜ. ಆದರೆ ಈಗ ಅವನ್ನು ಟ್ಯಾಂಕ್‌ನಲ್ಲಿ ಬೆಳೆಸುತ್ತಾರೆ. ಅವು ಬಿಡುವ ಲೋಳೆಯಂಥ ಪಾಲಿಸ್ಯಾಕರೈಡ್ (ಸಕ್ಕರೆ ಅಣುಗಳ ಉದ್ದ ಸರಪಳಿ) ಅನ್ನು ಸೋಸಿ ತೆಗೆಯುತ್ತಾರೆ. ಅದು ಚರ್ಮದ ಮೇಲೆ ತೆಳು ಪೊರೆ ಕಟ್ಟಿ ನೀರು ಹಿಡಿದಿಡುತ್ತದೆ, ಅಷ್ಟೇ. ಆ ಕೆಲಸಕ್ಕೆ ಗ್ಲಿಸರಿನ್ ಕೂಡ ಸಾಕು, ಸಮುದ್ರದ ಹೆಸರಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಸುಕ್ಕು ಮಾಯ ಅನ್ನುವ ಮಾತಂತೂ ನಾನು ನಂಬಲ್ಲ.

ಈಗ ಟೋನರ್ ನಿಲ್ಲಿಸಿ, ಸೀರಮ್ಮೂ ಸದ್ಯಕ್ಕೆ ಬೇಡ. ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಹಗಲು ಸನ್‌ಸ್ಕ್ರೀನ್, ಸಾಕು. ಉರಿ ಪೂರ್ತಿ ಇಳಿದ ಮೇಲೆ ಸೀರಮ್ಮನ್ನು ಕಿವಿ ಹಿಂದೆ ಕೆಲವು ದಿನ ಹಚ್ಚಿ ನೋಡಿ. ನನಗೆ ಅಲ್ಲಿ ಏನೂ ಆಗಲಿಲ್ಲ, ಈಗ ಒದ್ದೆ ಮುಖಕ್ಕೆ ಅದೇ ಸೀರಮ್, ಮೇಲೆ ಮಾಯಿಶ್ಚರೈಸರ್. ಬೆಳಿಗ್ಗೆಯೋ ರಾತ್ರಿಯೋ, ಯಾವಾಗಾದರೂ ಸರಿ. ಕಿವಿ ಹಿಂದೆ ಕೆಂಪಾಗಿ ಕೆರೆದರೆ ಮಾತ್ರ ಆ ಸೀರಮ್ ನಿಮಗಲ್ಲ. ಆಗಲೂ ಫರ್ಮೆಂಟ್‌ಗಿಂತ ಮೊದಲು ಲೇಬಲ್‌ನಲ್ಲಿ ಪರ್ಫ್ಯೂಮ್, ಪ್ರಿಸರ್ವೇಟಿವ್ ಏನಿದೆ ಅಂತ ಓದಿ.